ತರಕಾರಿಗಷ್ಟೇ ಸಾಲುವ ನನ್ನ ಫ್ರೆಂಚ್

ಮೊನ್ನೆ ನಮ್ಮ ಹಳೆಯ ಪ್ಯಾಕ್‌ಹೌಸಿಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಕ್ಯಾಲನೂರಿಗೆ, ನಮ್ಮ ಮನೆಗೆ ಬಂದಿದ್ದಳು. ಮಾಲೂರಿನಲ್ಲಿ ನಾನು ನಿವೃತ್ತಿಯವರೆಗೂ ಕೂತಿದ್ದ ಲೇಬಲ್ ವಿಭಾಗದಲ್ಲೇ ಅವಳಿಗೆ ಕೆಲಸ. ಫ್ರಾನ್ಸಿನಿಂದ ಬಂದ ಆರ್ಡರನ್ನು ಫೋನಿನಲ್ಲಿ ಕನ್ನಡಕ್ಕೆ ತಿರುಗಿಸಿಕೊಂಡು ತಂದಿದ್ದಳು. ಬೆಂಡೆ, ಹಸಿಮೆಣಸಿನಕಾಯಿ, ಮಾವು ಎಲ್ಲ ಸರಿಯಾಗಿದ್ದವು. ಕೊನೆಯಲ್ಲಿ ಮಾತ್ರ 'ವಕೀಲರು, ಹತ್ತು ಪೆಟ್ಟಿಗೆ' ಎಂದಿತ್ತು.

"ಆಂಟಿ, ಇದನ್ನ ಸಾರ್‌ಗೆ ಹೆಂಗೆ ತೋರಿಸ್ಲಿ?" ಎಂದಳು.

"ಬೆಣ್ಣೆಹಣ್ಣು ಕಣೇ ಅದು" ಎಂದೆ. ಬೆಣ್ಣೆಹಣ್ಣಿಗೂ ವಕೀಲರಿಗೂ ಫ್ರೆಂಚಿನಲ್ಲಿ ಒಂದೇ ಪದ. ಅವೊಕಾ.

ಅವಳು ನಕ್ಕು, ಫೋನಿಲ್ಲದ ಕಾಲದಲ್ಲಿ ನೀವು ಇದನ್ನೆಲ್ಲ ಹೇಗೆ ಕಲಿತಿರಿ ಎಂದು ಕೇಳಿದಳು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಾನು ಯಾವಾಗ ಯಾವ ಹುದ್ದೆಗೆ ಏರಿದೆ, ಬೀಳ್ಕೊಡುಗೆಯ ದಿನ ಯಾರು ಏನು ಮಾತಾಡಿದರು ಎಂಬುದನ್ನೆಲ್ಲ ಬಿಟ್ಟುಬಿಡುತ್ತೇನೆ. ಅದರಿಂದ ಹೊಸಬರಿಗೆ ಉಪಯೋಗವಿಲ್ಲ.

ಪ್ಯಾಕ್‌ಹೌಸ್ ಎಂದರೆ ಏನು ಎಂದು ನಮ್ಮಮ್ಮನಿಗೆ ನಾನು ಹೇಳುತ್ತಿದ್ದದ್ದು ಹೀಗೆ: ತೋಟದಿಂದ ಬಂದ ತರಕಾರಿಯನ್ನು ಆರಿಸಿ, ಒರೆಸಿ, ತಣ್ಣಗೆ ಮಾಡಿ, ವಿಮಾನ ಹತ್ತಿಸುವ ಜಾಗ. ಹೊರಗೆ ಎಷ್ಟೇ ಬಿಸಿಲಿರಲಿ, ಒಳಗೆ ಸ್ವೆಟರ್ ಹಾಕಿಕೊಂಡೇ ಕೂರಬೇಕು. ಕೈಗವಸು, ತಲೆಗೆ ಟೋಪಿ, ಬಳೆ ಇಲ್ಲ, ಹೂವು ಇಲ್ಲ. ಆರಿಸುವ ಹೆಂಗಸರ ಸಾಲು ಒಂದು ಕಡೆ, ನಾವು ಲೇಬಲ್‌ನವರು ಇನ್ನೊಂದು ಕಡೆ. ಕಾಯಿ ಎಷ್ಟೇ ಚೆನ್ನಾಗಿರಲಿ, ಪೆಟ್ಟಿಗೆಯ ಮೇಲೆ ಹೆಸರು ತಪ್ಪಾದರೆ ಅದು ಆ ದೇಶದಲ್ಲಿ ತರಕಾರಿಯೇ ಅಲ್ಲ.

ಆಗ ನಮ್ಮ ಮ್ಯಾನೇಜರು ಶ್ರೀನಿವಾಸಪುರದ ರೆಡ್ಡಿ ಸಾರ್. ಮಾವಿನ ತೋಪಿನವರ ಮನೆತನ. ಕಾಯಿಯ ತೊಟ್ಟು ನೋಡಿ ಎಷ್ಟು ದಿನಕ್ಕೆ ಹಣ್ಣಾಗುತ್ತದೆ ಎಂದು ಹೇಳಬಲ್ಲವರು. ದನಿ ಜೋರು, ಮನಸ್ಸು ಮೆತ್ತಗೆ. ಬೈದ ಮೇಲೆ ಅವರೇ ಟೀ ತರಿಸುತ್ತಿದ್ದರು. ಫ್ರಾನ್ಸಿನ ವ್ಯಾಪಾರ ಹೊಸದಾಗಿ ಶುರುವಾದಾಗ ಅಲ್ಲಿಂದ 'ರೆಜಾಂ' ಬೇಕೆಂದು ಬಂತು. ಬರೆದದ್ದು ಇಂಗ್ಲಿಷಿನ ರೇಸಿನ್ ಥರವೇ ಇತ್ತು. ಸಾರ್ ಒಳ್ಳೆಯ ಒಣದ್ರಾಕ್ಷಿ ಹುಡುಕಿಸಿ, ಚೆಂದದ ಡಬ್ಬಿಗಳಲ್ಲಿ ಹಾಕಿಸಿ ಕಳಿಸಿದರು. ಅವರು ಕೇಳಿದ್ದು ಹಸಿ ದ್ರಾಕ್ಷಿ. ನಂದಿ ಬೆಟ್ಟದ ಸುತ್ತ ತೋಟಗಳು ತುಂಬಿ ತುಳುಕುತ್ತಿದ್ದ ಸಮಯದಲ್ಲಿ ನಾವು ಒಣಗಿದ್ದನ್ನು ಕಳಿಸಿದ್ದೆವು.

"ಏಮ್ಮಾ ವಿಜಯಾ, ದ್ರಾಕ್ಷಿ ಅಂದ್ರೆ ದ್ರಾಕ್ಷಿ ಅಲ್ವಾ? ಹಸೀದು ಒಣಗಿದ್ದು ಅಂತ ಬಿಡಿಸಿ ಹೇಳ್ಬಾರ್ದಾ ಅವ್ರು?" ಎಂದು ಸಾರ್ ಬೇಜಾರು ಮಾಡಿಕೊಂಡರು.

ಅದಾದ ಮೇಲೆ ದಾಳಿಂಬೆಯ ಸರದಿ. ದಾಳಿಂಬೆಗೆ ಫ್ರೆಂಚಿನಲ್ಲಿ ಗ್ರನಾದ್. ಬರೆಯುವುದು ಕೈಬಾಂಬಿನ ಇಂಗ್ಲಿಷ್ ಹೆಸರಿನಂತೆಯೇ. ಅವತ್ತು ಇಂಗ್ಲಿಷ್ ಲೇಬಲ್ಲು ಮುಗಿದಿತ್ತು, ಫ್ರೆಂಚಿನದಷ್ಟೇ ಅಂಟಿಸಿ ಕಳಿಸಿದೆವು. ವಿಮಾನ ನಿಲ್ದಾಣದಲ್ಲಿ ಅಷ್ಟೂ ಪೆಟ್ಟಿಗೆಗಳನ್ನು ಪಕ್ಕಕ್ಕಿಟ್ಟು, ಯಾರೂ ಹತ್ತಿರ ಹೋಗದ ಹಾಗೆ ಹಗ್ಗ ಕಟ್ಟಿದರು. ಅವರ ಕೆಲಸ ಅವರು ಮಾಡಿದರು, ತಪ್ಪೇನಿಲ್ಲ. ಸಾರ್ ಓಡಿಹೋಗಿ, ಎಲ್ಲರೆದುರು ಒಂದು ಹಣ್ಣನ್ನು ಬಿಡಿಸಿ, ಕಾಳುಗಳನ್ನು ಬಾಯಿಗೆ ಹಾಕಿಕೊಂಡು ತೋರಿಸಬೇಕಾಯಿತು. ಅಷ್ಟರಲ್ಲಿ ವಿಮಾನ ಹೋಗಿತ್ತು. ವಾಪಸು ಬಂದವರೇ, "ಇನ್ನು ಆಗಲ್ಲಮ್ಮ. ಒಬ್ಬ ಮೇಷ್ಟ್ರನ್ನ ಹಿಡ್ಕೊಂಡು ಬರ್ತೀನಿ" ಎಂದರು.

ಹಾಗೆ ಬಂದವರು ದೇವನಾಥನ್ ಮೇಷ್ಟ್ರು. ಹುಟ್ಟಿದ್ದು, ಓದಿದ್ದು ಪುದುಚೇರಿಯಲ್ಲಿ, ಫ್ರೆಂಚಿನಲ್ಲೇ ಪಾಠ ಹೇಳುವ ಶಾಲೆಯಲ್ಲಿ. ಮುಳಬಾಗಿಲಿನ ಸುಶೀಲಮ್ಮನನ್ನು ಮದುವೆಯಾಗಿ, ಕೆಲಸದಿಂದ ನಿವೃತ್ತರಾದ ಮೇಲೆ ಹೆಂಡತಿಯ ಊರಿನಲ್ಲೇ ನೆಲೆಸಿದ್ದರು. ಮನೆಯಲ್ಲಿ ತೆಲುಗು, ಹೊರಗೆ ಕನ್ನಡ, ತಮ್ಮಂದಿರ ಹತ್ತಿರ ಫೋನಿನಲ್ಲಿ ತಮಿಳು. ಫ್ರೆಂಚ್ ಮಾತಾಡಲು ಸುತ್ತ ಯಾರೂ ಇರಲಿಲ್ಲ. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಕೊಡೆ ಹಿಡಿದು ಮುಳಬಾಗಿಲಿನಿಂದ ಬಸ್ಸು ಬದಲಿಸಿಕೊಂಡು ಮಾಲೂರಿಗೆ ಬರುತ್ತಿದ್ದರು.

ಮೊದಲ ದಿನ ಸಾರ್ ಬೋರ್ಡು, ಸೀಮೆಸುಣ್ಣ ಎಲ್ಲ ತರಿಸಿಟ್ಟಿದ್ದರು. ಮೇಷ್ಟ್ರು ಅದನ್ನು ನೋಡಿ, "ಇದು ಬೇಡ. ನಿಮ್ಮಲ್ಲಿ ಬೇಡ ಅಂತ ಎತ್ತಿಟ್ಟ ಕಾಯಿಗಳ ಬುಟ್ಟಿ ಇದೆಯಲ್ಲ, ಅದನ್ನು ತನ್ನಿ" ಎಂದರು. ಸೊಟ್ಟಗಾದ ಬೀನ್ಸು, ಉದ್ದ ಜಾಸ್ತಿಯಾದ ಬೆಂಡೆ, ಹೀಗೆ ವಿಮಾನ ಹತ್ತದ್ದನ್ನೆಲ್ಲ ನಾವು ಹೆಂಗಸರು ಸಂಜೆ ಮನೆಗೆ ಒಯ್ಯುತ್ತಿದ್ದೆವು. ಮೇಷ್ಟ್ರು ಒಂದು ನಿಯಮ ಮಾಡಿದರು. ಕಾಯಿ ಬೇಕಾದವರು ಅದರ ಫ್ರೆಂಚ್ ಹೆಸರು ಹೇಳಿಯೇ ತೆಗೆದುಕೊಳ್ಳಬೇಕು.

ಆಮೇಲೆ ನೋಡಬೇಕಿತ್ತು. ರಾತ್ರಿ ಸಾರಿಗೆ ಏನು ಬೇಕೋ ಅದರ ಹೆಸರು ಮಧ್ಯಾಹ್ನವೇ ಬಾಯಿಪಾಠ. ನಂಗಲಿಯಿಂದ ಬರುತ್ತಿದ್ದ ಮುನಿರತ್ನ ನನ್ನ ಗೆಳತಿ. ತೆಲುಗೇ ಹೆಚ್ಚು ಆಡುವವಳು. ಬೆಂಡೆಗೆ ಗೊಂಬೊ ಎಂದು ಕೇಳಿದ ಕೂಡಲೇ, "ಗೊಂಬೆ ಅಂತ ನೆನಪಿಟ್ಕೊಂತೀನಿ, ಕೊನೇಲಿ ಸ್ವಲ್ಪ ಬಾಯಿ ಸೊಟ್ಟ ಮಾಡಿದ್ರೆ ಆಯ್ತು" ಎಂದಳು. ಮಿಡಿ ಸೌತೆ ಕೊರ್ನಿಶೋಂ. ಆ ದೇಶದಲ್ಲಿ ಪೆದ್ದನನ್ನೂ ಹಾಗೇ ಕರೆಯುತ್ತಾರೆ ಎಂದು ಮೇಷ್ಟ್ರು ಹೇಳಿದ್ದೇ ತಪ್ಪಾಯಿತು. ಅವತ್ತಿನಿಂದ ನಮ್ಮ ಸಾಲಿನಲ್ಲಿ ಯಾರು ಏನು ಕೆಡಿಸಿದರೂ ಕೊರ್ನಿಶೋಂ. ರೆಡ್ಡಿ ಸಾರ್ ಕಿವಿಗೂ ಬಿತ್ತು. ಅದು ಗೌರವದ ಮಾತು ಎಂದು ಅವರು ಬಹಳ ದಿನ ನಂಬಿದ್ದರು.

ಮಾವಿನ ಹಣ್ಣಿಗೆ ಮಾಂಗ್ ಎಂದಾಗ ನಮಗೆ ಆಶ್ಚರ್ಯ. ಮೇಷ್ಟ್ರು, "ಇದು ನಮ್ಮ ತಮಿಳಿನ ಮಾಂಗಾಯೇ. ಹಡಗು ಹತ್ತಿ ಅಲ್ಲಿಗೆ ಹೋದದ್ದು. ಈಗ ನೀವು ವಿಮಾನದಲ್ಲಿ ಹಣ್ಣು ಕಳಿಸುತ್ತೀರಿ, ಪದ ನಿಮಗಿಂತ ಮೊದಲೇ ಹೋಗಿದೆ" ಎಂದರು. ಅನಾನಸು ಅಲ್ಲೂ ಅನಾನಸೇ. ಇಂಥವು ಸಿಕ್ಕಾಗ ಪರ ಊರಿನ ಜಾತ್ರೆಯಲ್ಲಿ ನೆಂಟರು ಸಿಕ್ಕ ಹಾಗೆ ಆಗುತ್ತಿತ್ತು.

ಒಂದು ಪಾಠವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸ್ವರದಿಂದ ಶುರುವಾಗುವ ಹೆಸರಿನ ಮುಂದೆ ಫ್ರೆಂಚರು ಒಂದು 'ಲ'ಕಾರ ಅಂಟಿಸುತ್ತಾರೆ. ಬದನೆಗೆ ಒಬೆರ್ಜೀನ್, ಮಾತಿನಲ್ಲಿ ಲೊಬೆರ್ಜೀನ್. ಈರುಳ್ಳಿಗೆ ಒನ್ಯೋಂ, ಮಾತಿನಲ್ಲಿ ಲೊನ್ಯೋಂ. ಕಿವಿಗೆ ಬಿದ್ದದ್ದನ್ನು ಹಾಗೇ ಲೇಬಲ್ಲಿಗೆ ಇಳಿಸಬೇಡಿ, ಮೊದಲು ಲಕಾರದ ಸಿಪ್ಪೆ ಸುಲಿಯಿರಿ ಎನ್ನುತ್ತಿದ್ದರು. ಕಲ್ಲಂಗಡಿಗೆ ಪಾಸ್ತೆಕ್ ಎಂದೂ ಮೆಲೋಂ ದೋ ಎಂದೂ ಎರಡು ಹೆಸರು ಕಲಿಸಿದ್ದರು. ಎರಡನೆಯದರ 'ದೋ'ದಲ್ಲಿರುವ 'ಓ' ಎಂದರೆ ನೀರು. ತರಕಾರಿಯ ಹೊರಗೆ ನನಗೆ ಗೊತ್ತಿದ್ದ ಫ್ರೆಂಚ್ ಪದ ಬಹುಶಃ ಅದೊಂದೇ.

ಮೇಷ್ಟ್ರು ಕೆಲವು ವರ್ಷ ಬಂದು ಹೋದರು. ಅಷ್ಟರಲ್ಲಿ ನಮ್ಮ ಲೇಬಲ್ಲುಗಳು ಸರಿಯಾದವು, ಅಲ್ಲಿಂದ ದೂರು ಬರುವುದು ನಿಂತಿತು. ಪಾಠದ ಅಗತ್ಯ ಮುಗಿದರೂ ರೆಡ್ಡಿ ಸಾರ್ ಅವರನ್ನು ಬಿಡಲಿಲ್ಲ. ಹೊಸ ಹೆಂಗಸರು ಸೇರುತ್ತಾ ಇರುತ್ತಾರೆ, ಬರ್ತಾ ಇರಿ ಮೇಷ್ಟ್ರೇ ಎಂದಿದ್ದರು.

ಒಂದು ದಿನ ಮೇಷ್ಟ್ರು ಬರಲಿಲ್ಲ. ಸುಶೀಲಮ್ಮ ಸಾರ್‌ಗೆ ಫೋನು ಮಾಡಿದರು. ಮೇಷ್ಟ್ರಿಗೆ ಲಕ್ವ ಹೊಡೆದಿದೆ, ಕೋಲಾರದ ಆಸ್ಪತ್ರೆಯಲ್ಲಿದ್ದೇವೆ ಎಂದರು. ಸಾರ್ ನನ್ನನ್ನೂ ಮುನಿರತ್ನಳನ್ನೂ ಜೀಪಿನಲ್ಲಿ ಕರೆದುಕೊಂಡು ಹೊರಟರು.

ಮೇಷ್ಟ್ರ ಬಲಗೈ, ಬಲಗಾಲು ಬಿದ್ದುಹೋಗಿದ್ದವು. ಪ್ರಾಣಕ್ಕೆ ಅಪಾಯ ಕಳೆದಿತ್ತು. ಆದರೆ ಮಾತು ಹೋಗಿತ್ತು. ತೆಲುಗಿನಲ್ಲಿ ಕೇಳಿದರೆ ಸುಮ್ಮನೆ ನೋಡುತ್ತಿದ್ದರು. ತಮ್ಮ ಬಂದು ತಮಿಳಿನಲ್ಲಿ ಮಾತಾಡಿಸಿದರೂ ಅಷ್ಟೇ. ಸುಶೀಲಮ್ಮ ನನ್ನ ಕೈ ಹಿಡಿದುಕೊಂಡು ವರಾಂಡಕ್ಕೆ ಬಂದು ಅತ್ತರು.

"ಇಷ್ಟು ವರ್ಷ ಸಂಸಾರ ಮಾಡಿದೀನಮ್ಮ, ಒಂದಿನ ನನ್ನ ಏಯ್ ಅಂದವರಲ್ಲ. ಈಗ ಕಣ್ಣು ಬಿಟ್ರೆ ನನ್ನ ನೋಡಿ ಲೋ, ಲೋ ಅಂತಾರೆ. ನಾನ್ಯಾರು ಅಂತಾನೇ ಗುರುತಿಲ್ವೇನೋ. ಯಾರನ್ನೋ ಕೆಲಸದವರನ್ನ ಕರ್ದಂಗೆ ಕರೀತಾರೆ."

ನಾವು ಒಳಗೆ ಹೋದೆವು. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಅವರು ಮೇಷ್ಟ್ರ ಮುಖದ ಹತ್ತಿರ ಬಗ್ಗಿ ಕಿವಿಗೊಟ್ಟಿದ್ದರು.

"ಇದು ಬರೀ ಸದ್ದಲ್ಲ ಅನ್ಸುತ್ತೆ. ಒಂದೇ ಮಾತನ್ನ ಒಂದೇ ಥರ ಹೇಳ್ತಿದ್ದಾರೆ. ಇವರಿಗೆ ಬೇರೆ ಯಾವುದಾದ್ರೂ ಭಾಷೆ ಬರ್ತಿತ್ತಾ?" ಎಂದು ಕೇಳಿದರು.

ಮೇಷ್ಟ್ರ ತುಟಿ ಅಲುಗಿತು. "ದ ಲೋ" ಎಂದರು. ಸ್ವಲ್ಪ ಬಿಟ್ಟು ಮತ್ತೆ, "ದ ಲೋ."

ನನಗೆ ಒಮ್ಮೆಲೇ ಹೊಳೆಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಅಲ್ಲಿ ನಿಂತು ಸುಶೀಲಮ್ಮನ ಅಳು ಕೇಳುತ್ತಾ, ಲೋ, ಲೋ ಎಂದು ನಾನೂ ಒಳಗೇ ಹೇಳಿಕೊಳ್ಳುತ್ತಿದ್ದೆ. ಬಾಯಿ ತನ್ನಷ್ಟಕ್ಕೆ ಲಕಾರದ ಸಿಪ್ಪೆ ಸುಲಿಯಿತು. ಉಳಿದದ್ದು ಓ.

"ನೀರು ಕೇಳ್ತಿದ್ದಾರೆ ಮೇಡಂ" ಎಂದೆ. "ಅದು ಫ್ರೆಂಚು. ನೀರು."

ಡಾಕ್ಟರು ತಲೆಯಾಡಿಸಿ, ಮೊದಲು ನುಂಗಲು ಆಗುತ್ತದೆಯೇ ಎಂದು ಪರೀಕ್ಷಿಸಿ, ಚಮಚದಲ್ಲಿ ಸ್ವಲ್ಪ ಸ್ವಲ್ಪವೇ ನೀರು ಕುಡಿಸಿದರು. ಮೇಷ್ಟ್ರು ಕಣ್ಣು ಮುಚ್ಚಿಕೊಂಡರು. ಕಣ್ಣಂಚಿನಲ್ಲಿ ನೀರಿಳಿಯಿತು. ಸುಶೀಲಮ್ಮ ಮಂಚದ ಸರಳು ಹಿಡಿದು, "ನೀಳ್ಳಾ? ಅಷ್ಟೇನಾ? ನೀಳ್ಳು ಕೇಳ್ತಿದ್ರಾ?" ಎಂದು ಮತ್ತೆ ಮತ್ತೆ ಕೇಳಿದರು. ಆ ಹೊತ್ತಿನಲ್ಲಿ ಅವರಿಗೆ ಗಂಡನ ಲಕ್ವಕ್ಕಿಂತ, ಗಂಡ ತನ್ನನ್ನು ಮರೆತಿಲ್ಲ ಎಂಬುದೇ ದೊಡ್ಡದಾಗಿತ್ತು.

ಹೀಗೂ ಆಗುವುದುಂಟು ಎಂದು ಡಾಕ್ಟರು ವಿವರಿಸಿದರು. ಹಲವು ಭಾಷೆ ಬಲ್ಲವರಿಗೆ ಕೆಲವೊಮ್ಮೆ ಒಂದು ಮಾತ್ರ ಉಳಿದು ಮಿಕ್ಕವು ಮರೆಯಾಗುತ್ತವೆ, ನಿಧಾನವಾಗಿ ಬಂದರೂ ಬರಬಹುದು, ಉಳಿದಿರುವ ಭಾಷೆಯಲ್ಲೇ ಮಾತಾಡಿಸುತ್ತಿರಿ ಎಂದರು. ಎಲ್ಲರೂ ನನ್ನ ಮುಖ ನೋಡಿದರು. ನನ್ನ ಫ್ರೆಂಚಿನಲ್ಲಿ ನೋವಿಗೆ ಪದವಿಲ್ಲ, ನಿದ್ದೆಗೆ ಇಲ್ಲ, ಹೆದರಬೇಡಿ ಎಂಬುದಕ್ಕೆ ಇಲ್ಲ. ನನ್ನಲ್ಲಿದ್ದದ್ದು ತರಕಾರಿ, ಹಣ್ಣು.

ಮನೆಗೆ ಕರೆದುಕೊಂಡು ಹೋದ ಮೇಲೆ ಮೇಷ್ಟ್ರು ಊಟ ಬಿಟ್ಟರು. ಗೋಡೆ ಕಡೆ ಮುಖ ಮಾಡಿ ಮಲಗಿಬಿಡುತ್ತಿದ್ದರು. ಹೀಗೇ ಆದರೆ ಕಷ್ಟ ಎಂದು ಡಾಕ್ಟರೂ ಹೇಳಿದ್ದರು. ಭಾನುವಾರ ನಾನೂ ಮುನಿರತ್ನಳೂ ಒಂದು ಚೀಲದ ತುಂಬ ತರಕಾರಿ ತುಂಬಿಕೊಂಡು ಮುಳಬಾಗಿಲಿಗೆ ಹೋದೆವು. ನಾನು ಮಂಚದ ಪಕ್ಕ ಕೂತು ಒಂದೊಂದೇ ಹೆಸರು ಹೇಳಲು ಹೊರಟಾಗ ಸುಶೀಲಮ್ಮ ತಡೆದರು.

"ನೀನು ವಾರಕ್ಕೊಂದಿನ ಬಂದು ಹೋಗ್ತೀಯ. ಮಿಕ್ಕ ದಿನ ಇವರ ಹತ್ರ ಮಾತಾಡೋರು ಯಾರು? ನಂಗೇ ಹೇಳ್ಕೊಡು. ಅವ್ರು ನಮ್ಮ ಮಾತಿಗೆ ಬರೋಗಂಟ ನಾನ್ಯಾಕೆ ಕಾಯ್ಲಿ, ನಾನೇ ಅವ್ರ ಮಾತಿಗೆ ಹೋಗ್ತೀನಿ."

ಅಡುಗೆಮನೆಯಲ್ಲಿ ಕೂತು ಅವರಿಗೆ ಗಜ್ಜರಿ ತೋರಿಸಿ ಕಾರೊತ್ ಎಂದು ಹೇಳಿಕೊಟ್ಟೆ. ಅವರು ನಾಲ್ಕಾರು ಸಲ ಮೆಲ್ಲಗೆ ಹೇಳಿಕೊಂಡು, ಗಜ್ಜರಿ ಹಿಡಿದು ಗಂಡನ ಹತ್ತಿರ ಹೋದರು. ಹೊಸ ಮದುವಣಗಿತ್ತಿಯಂತೆ ನಾಚಿಕೊಂಡು ನಿಂತರು.

"ಕಾರೊಟ್ಟು" ಎಂದರು.

ಗೋಡೆ ಕಡೆ ಇದ್ದ ಮುಖ ತಿರುಗಿತು. ಮೇಷ್ಟ್ರು ಗಜ್ಜರಿಯನ್ನು ನೋಡಿದರು, ಹೆಂಡತಿಯನ್ನು ನೋಡಿದರು. ಆಮೇಲೆ ಚೆನ್ನಾಗಿದ್ದ ಎಡಗೈಯ ಬೆರಳೆತ್ತಿ, ಪ್ಯಾಕ್‌ಹೌಸಿನಲ್ಲಿ ನಮ್ಮನ್ನು ತಿದ್ದುತ್ತಿದ್ದ ಹಾಗೇ, ಗಂಟಲಿನೊಳಗಿಂದ ಆ ರಕಾರ ಹೊರಡಿಸಿ, "ಕಾ... ರೊತ್" ಎಂದರು.

"ಕಾರೊಟ್ಟು" ಎಂದರು ಸುಶೀಲಮ್ಮ.

ಮೇಷ್ಟ್ರು ಇಲ್ಲವೆಂದು ಬೆರಳಾಡಿಸಿದರು. ಮತ್ತೆ ಹೇಳಿದರು. ಅದು ಸರಿಹೋಗುವವರೆಗೂ ಅವರು ಬಿಡಲಿಲ್ಲ. ಸರಿಹೋದ ಮೇಲೆ ಅದೇ ಗಜ್ಜರಿಯನ್ನು ಬೇಯಿಸಿ, ಮಸೆದು ತಂದುಕೊಟ್ಟಾಗ ತಿಂದರು. ಮುನಿರತ್ನ ಬಾಗಿಲ ಹಿಂದೆ ನಿಂತು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

ಅಲ್ಲಿಂದ ಆ ಮನೆಯಲ್ಲಿ ಒಂದು ವಿಚಿತ್ರವಾದ ಮಾತುಕತೆ ಶುರುವಾಯಿತು. ಭುಜ ಉರಿಯುತ್ತಿದ್ದರೆ ಮೇಷ್ಟ್ರು ಮೆಣಸಿನಕಾಯಿಗೆ ಹೇಳುವ ಪಿಮಾಂ ಎನ್ನುತ್ತಿದ್ದರು. ಸುಶೀಲಮ್ಮ ಎಣ್ಣೆ ತಂದು ತಿಕ್ಕುತ್ತಿದ್ದರು. ಆ ದಿನ ಮೈ ಹಗುರವಾಗಿದ್ದರೆ ಮಾಂಗ್. ಬೇಜಾರಾಗಿದ್ದರೆ ಈರುಳ್ಳಿ. ಇದನ್ನು ಯಾರೂ ಕೂತು ಗೊತ್ತುಮಾಡಿದ್ದಲ್ಲ. ಇಬ್ಬರ ನಡುವೆ ತಾನಾಗಿ ಬೆಳೆಯಿತು. ನಾನು ಹೋದಾಗ ಸುಶೀಲಮ್ಮ, "ಇವತ್ತು ಬೆಳಿಗ್ಗೆ ಒನ್ಯೋಂ ಆಗಿದ್ರು, ಈಗ ಪರವಾಗಿಲ್ಲ" ಎಂದು ವರದಿ ಕೊಡುತ್ತಿದ್ದರು. ಡಾಕ್ಟರು ಇದನ್ನು ಕೇಳಿ ಸಂತೋಷಪಟ್ಟು, ಫ್ರೆಂಚ್ ಹೆಸರಿನ ಜೊತೆಗೆ ತೆಲುಗು ಹೆಸರನ್ನೂ ಸೇರಿಸಿ ಹೇಳುತ್ತಾ ಹೋಗಿ ಎಂದರು. ಹಾಗೇ ಮಾಡಿದೆವು. ರೆಡ್ಡಿ ಸಾರ್ ವಾರವಾರ ಬುಟ್ಟಿ ಕಳಿಸಿದರು. ಅದರಲ್ಲಿ ಸೊಟ್ಟ ಕಾಯಿ ಇರುತ್ತಿರಲಿಲ್ಲ, ವಿಮಾನ ಹತ್ತಬೇಕಾದವೇ ಇರುತ್ತಿದ್ದವು.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಮಧ್ಯಾಹ್ನ ಸಾರು ಬಾಯಿಗಿಟ್ಟುಕೊಂಡ ಮೇಷ್ಟ್ರು ಮುಖ ಕಿವುಚಿ, "ಉಪ್ಪು" ಎಂದರಂತೆ. ಸುಶೀಲಮ್ಮ ಕೂಡಲೇ ನನಗೆ ಫೋನು ಮಾಡಿದರು. ಯಾವ ಭಾಷೆ ವಾಪಸು ಬಂತು ಎಂದು ನಾನು ಕೇಳಿದೆ. ಅದು ತೆಲುಗೂ ಹೌದು, ತಮಿಳೂ ಹೌದು, ಕನ್ನಡವೂ ಹೌದು.

"ಯಾವುದಾದ್ರೂ ಆಗ್ಲಿ ಬಿಡಮ್ಮ" ಎಂದರು ಸುಶೀಲಮ್ಮ. "ಸಾರಿಗೆ ಉಪ್ಪು ಕಮ್ಮಿ ಆಗಿದ್ದಂತೂ ನಿಜ."

ಅದಾದ ಮೇಲೆ ತೆಲುಗು ಒಂದೊಂದೇ ಪದವಾಗಿ ಬರತೊಡಗಿತು. ಪೂರ್ತಿಯಾಗಿ ಬರಲಿಲ್ಲ, ಬಂದಷ್ಟು ಸಾಕಾಗಿತ್ತು. ಆ ದಿನಗಳಲ್ಲೇ ಒಮ್ಮೆ ಸುಶೀಲಮ್ಮ ನನ್ನನ್ನು ಅಡುಗೆಮನೆಗೆ ಕರೆದು, ದನಿ ತಗ್ಗಿಸಿ ಕೇಳಿದರು.

"ವಿಜಯಾ, ಶೂ ಅಂದ್ರೆ ಏನು?"

"ಎಲೆಕೋಸು" ಎಂದೆ.

"ಎಲೆಕೋಸಾ?" ಅವರ ಮುಖ ಸಣ್ಣದಾಯಿತು. "ಒಂದು ವಾರದಿಂದ ನನ್ನ ನೋಡಿ ಮೊಂ ಶೂ, ಮೊಂ ಶೂ ಅಂತಾರೆ. ಎಲೆಕೋಸಿನ ಪಲ್ಯ ಮಾಡಿಕೊಟ್ಟೆ. ತಿಂದ್ರು. ಆದ್ರೂ ಅದನ್ನೇ ಅಂತಾರೆ. ಬೇಕಾ ಅಂದ್ರೆ ಬೇಡ ಅಂತ ತಲೆ ಆಡಿಸಿ ನಗ್ತಾರೆ. ನಾನು ದಪ್ಪ ಇದೀನಿ ಅಂತ ಹೇಳ್ತಿದ್ದಾರೇನೋ."

ನನಗೂ ತಿಳಿಯಲಿಲ್ಲ. ನನ್ನ ಲೇಬಲ್ಲಿನ ಮಟ್ಟಿಗೆ ಶೂ ಎಂದರೆ ಎಲೆಕೋಸು ಬಿಟ್ಟು ಬೇರೇನೂ ಅಲ್ಲ.

ಮುಂದಿನ ಮಾವಿನ ಸುಗ್ಗಿಯಲ್ಲಿ ಫ್ರಾನ್ಸಿನಿಂದ ನಮ್ಮ ಹಣ್ಣು ಕೊಳ್ಳುತ್ತಿದ್ದ ಹೆಂಗಸು ಶ್ರೀನಿವಾಸಪುರದ ತೋಪುಗಳನ್ನು ನೋಡಲು ಬಂದರು. ಕೂದಲು ಬೆಳ್ಳಗಾಗಿದ್ದ, ಕೈಗೆ ಹಣ್ಣಿನ ರಸ ಮೆತ್ತಿಕೊಂಡರೂ ಒರೆಸಿಕೊಳ್ಳದೆ ನೆಕ್ಕುವ ಹೆಂಗಸು. ಮರದ ಕೆಳಗೆ ಕೂತಿದ್ದಾಗ, ನನ್ನ ಅರೆಬರೆ ಇಂಗ್ಲಿಷಿನಲ್ಲಿ ಮೇಷ್ಟ್ರ ವಿಷಯ ಹೇಳಿ, ಈ ಮಾತಿನ ಅರ್ಥ ಕೇಳಿದೆ. ಅವರು ತಿನ್ನುತ್ತಿದ್ದ ಹಣ್ಣನ್ನು ಎಲೆಯ ಮೇಲಿಟ್ಟರು. ತಮ್ಮ ದೇಶದಲ್ಲಿ ಗಂಡ ಹೆಂಡತಿಯನ್ನು, ತಾಯಿ ಮಗುವನ್ನು ಬಹಳ ಮುದ್ದಿನಿಂದ ಕರೆಯುವ ಮಾತು ಅದು, 'ನನ್ನ ಚಿನ್ನಾ' ಎಂದ ಹಾಗೆ ಎಂದರು. ತಮ್ಮ ಗಂಡನೂ ಹಾಗೇ ಕರೆಯುತ್ತಿದ್ದ ಎಂದು ಹೇಳಿ, ಎಲೆಯ ಮೇಲಿನ ಹಣ್ಣನ್ನು ಮತ್ತೆ ಕೈಗೆತ್ತಿಕೊಂಡರು.

ಅವತ್ತು ಸಂಜೆಯೇ ಮುಳಬಾಗಿಲಿನ ಬಸ್ಸು ಹತ್ತಿದೆ. ಫೋನಿನಲ್ಲಿ ಹೇಳುವ ಮಾತಾಗಿರಲಿಲ್ಲ. ಸುಶೀಲಮ್ಮ ಜಗಲಿಯ ಮೇಲೆ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದರು. ನಾನು ಹೇಳಿದ್ದನ್ನು ಕೇಳಿ ಕೈ ನಿಲ್ಲಿಸಿದರು.

"ಇಷ್ಟು ವರ್ಷದಲ್ಲಿ ನನ್ನ ಹೆಸರು ಹಿಡಿದೂ ಕರ್ದೋರಲ್ಲ" ಎಂದರು. "ಇದಿಗೋ ಅನ್ನೋರು, ಅಷ್ಟೇ. ಅವ್ರಿಗೆ ಇಂಥದೆಲ್ಲ ಬರಲ್ಲ ಅಂದ್ಕೊಂಡಿದ್ದೆ."

ಒಳಗಿನಿಂದ ಮೇಷ್ಟ್ರು ಕರೆದರು. ಸುಶೀಲಮ್ಮ ಹುಣಸೆಯ ಕೈ ತೊಳೆಯದೆಯೇ ಎದ್ದು ಹೋದರು.

ಮೇಷ್ಟ್ರು ಮತ್ತೂ ಕೆಲವು ವರ್ಷ ಬದುಕಿದರು. ಕೋಲು ಹಿಡಿದು ಪೇಟೆಗೆ ಹೋಗುವಷ್ಟಾದರು. ತೆಲುಗು ಸಾಕಷ್ಟು ಬಂದಿದ್ದರೂ ಆ ಒಂದು ಮಾತನ್ನು ತೆಲುಗಿಗೆ ತರಲಿಲ್ಲ, ಕೊನೆಯವರೆಗೂ ಫ್ರೆಂಚಿನಲ್ಲೇ ಕರೆದರು.

ಹೊಸದಾಗಿ ಈ ಕೆಲಸಕ್ಕೆ ಸೇರುವ ಹುಡುಗಿಯರಿಗೆ ಹೇಳುವುದಿಷ್ಟೇ. ಫೋನು ಇಟ್ಟುಕೊಳ್ಳಿ, ಒಳ್ಳೆಯದೇ. ನಮಗೆ ವಾರ ಹಿಡಿಯುತ್ತಿದ್ದ ಲೇಬಲ್ಲು ಈಗ ಬೆಳಗಿನ ಟೀ ಮುಗಿಯುವುದರೊಳಗೆ ಆಗುತ್ತದೆ. ಆದರೆ ಹೆಸರುಗಳನ್ನು ಬಾಯಲ್ಲೂ ಹೇಳಿ ನೋಡಿ, ಕಾಯಿಯನ್ನು ಕೈಯಲ್ಲಿ ಹಿಡಿದು ಹೇಳಿ.

ಇದನ್ನೆಲ್ಲ ಬರೆಯುವ ಮೊದಲು ಮುಳಬಾಗಿಲಿಗೆ ಹೋಗಿ ಸುಶೀಲಮ್ಮನನ್ನು ಕೇಳಿದೆ. ಈಗ ಅವರಿಗೆ ಕಣ್ಣು ಸ್ವಲ್ಪ ಮಂದ. ನಿಮ್ಮ ಮನೆಯ ಮಾತು, ಬರೆಯಲೋ ಬೇಡವೋ ಎಂದೆ. ಅವರು ಯೋಚನೆ ಮಾಡಿ ಹೇಳಿದರು:

"ಬರಿ ತಾಯಿ. ಆದ್ರೆ ಎಲೆಕೋಸು ಅಂತ ಬರೀಬೇಡ, ಕೇಳಿದೋರು ನಗ್ತಾರೆ. ಅವ್ರು ಹೆಂಗೆ ಕರೀತಿದ್ರೋ ಹಂಗೇ ಬರಿ."